ಸೂಜಿ ಚುಚ್ಚದ ಮೊಟ್ಟೆಗಳು

ಜನ್ಮದಲ್ಲಿ ಒಂದು ಮೊಟ್ಟೆಯ ರುಚಿ ನೋಡದ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ನನ್ನನ್ನು ಸರ್ಕಾರ ಕೋಳಿ ಸಾಕಲು ಹಾಕಿದಾಗ ಮಧುಗಿರಿ ಪೇಟೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಂಜೆ ಫಾರಂನಿಂದ ಬಂದರೆ ಅವ್ವ ಹಿತ್ತಲ ಬಾಗಿಲಲ್ಲೇ ನೀರಿನ ಹಂಡೆ ತೋರಿಸುತ್ತಿದ್ದಳು. ಮೈ ತೊಳೆದು, ಬಟ್ಟೆ ಬದಲಿಸಿ, ವಿಭೂತಿ ಇಟ್ಟುಕೊಂಡ ಮೇಲೇ ಒಳಗೆ ಪ್ರವೇಶ. ಜನ ನನ್ನನ್ನು ಕೋಳಿ ಮೇಷ್ಟ್ರು ಅಂದರು. ಮೊದಮೊದಲು ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಆಮೇಲೆ ಹಾಗೆ ಕರೆಯದವರನ್ನು ಕಂಡರೆ, ಇವನಿಗೆ ನಾನು ಯಾರೆಂದೇ ಗೊತ್ತಿಲ್ಲವಲ್ಲ ಎಂದು ಸಿಟ್ಟು ಬರತೊಡಗಿತು.

ಆಗ ಮಹಾರಾಜರ ಆಳ್ವಿಕೆ. ಹೊರಗೆಲ್ಲೋ ಯುದ್ಧ ನಡೆಯುತ್ತಿತ್ತು, ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡುತ್ತಿದ್ದವು. ಮೇಲಿನವರಿಗೆ ವಿಲಾಯಿತಿಯ ಬಿಳಿ ಕೋಳಿಯ ಹುಚ್ಚು. ಅದು ಮೊಟ್ಟೆ ಹೆಚ್ಚು ಇಡುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಕಾವಿಗೆ ಕೂರುವುದು ಗೊತ್ತಿಲ್ಲ, ಹದ್ದು ಕಂಡರೆ ಓಡುವುದು ಗೊತ್ತಿಲ್ಲ, ನಮ್ಮ ಕಡೆಯ ಬಿಸಿಲಿಗೆ ಬಾಯಿ ಕಳೆದುಕೊಂಡು ನಿಂತುಬಿಡುತ್ತದೆ. ಇಲ್ಲಿನ ಹಳೆಯ ತಳಿಗಳು ಅದರ ಜೊತೆ ಬೆರೆತು ಕಲಸುಮೇಲೋಗರವಾಗುವ ಮುಂಚೆ, ಒಂದೊಂದು ತಳಿಯನ್ನೂ ನಾಲ್ಕಾರು ಊರುಗಳಲ್ಲಿ ನೆಲೆ ನಿಲ್ಲಿಸಬೇಕು ಎಂಬುದು ನನ್ನ ಹಟ. ದೊಡ್ಡವರಿಗೆ ಹೇಳಿ ಸಾಕಾಗಿತ್ತು. ಅದಕ್ಕೇ ಮಕ್ಕಳನ್ನು ಹಿಡಿದೆ. ಸೈಕಲ್ಲಿನ ಹಿಂದೆ ತೌಡು ತುಂಬಿದ ಬುಟ್ಟಿ ಕಟ್ಟಿ, ಅದರೊಳಗೆ ಫಾರಂನ ಮೊಟ್ಟೆಗಳನ್ನು ಹುದುಗಿಸಿ, ಬರಗೂರು, ಶಿರಾ, ಕೊರಟಗೆರೆ ಎಂದು ತಿರುಗುತ್ತಿದ್ದೆ. ಯಾರ ಮನೆಯಲ್ಲಿ ಹೇಂಟೆ ಕಾವಿಗೆ ಬಂದಿದೆಯೋ ಆ ಮನೆಯ ಹುಡುಗನಿಗೋ ಹುಡುಗಿಗೋ ಒಂದು ಹೊತ್ತಿನ ಪಾಠ: ಮೊಟ್ಟೆಯನ್ನು ಕಿಂಡಿಯ ಬಿಸಿಲಿಗೆ ಹಿಡಿದು ಒಳಗೆ ನರ ಕೆಂಪಾಗಿ ಹರಡಿದೆಯೇ ನೋಡುವುದು, ನರವಿಲ್ಲದ ಜೊಳ್ಳು ಮೊಟ್ಟೆಯನ್ನು ತೆಗೆದುಹಾಕುವುದು, ಒಡೆದ ಮಡಕೆಯಲ್ಲಿ ಸಗಣಿ, ಹಸಿ ಗೋಣಿ ತುಂಬಿ ಹೊಲದಲ್ಲಿ ಬೋರಲು ಹಾಕಿ ಬೆಳಿಗ್ಗೆ ಮರಿಗಳಿಗೆ ಗೆದ್ದಲು ಹಿಡಿಯುವುದು. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕಾವಿನ ಮಂಕರಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುತ್ತಿದ್ದ ಅಜ್ಜಿಯರಿಗೆ ನಾನು ಅಡ್ಡಿ ಮಾಡಲಿಲ್ಲ. ಮಾಡಿದ್ದರೆ ಮಂಕರಿಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಮಧುಗಿರಿಯ ಬಯಲಿನಲ್ಲಿ ಕೋಳಿ ಮೇಳ. ಮಕ್ಕಳು ತಾವು ಸಾಕಿದ ಕೋಳಿಗಳನ್ನು ತಂದು ಪಂಜರದಲ್ಲಿ ನಿಲ್ಲಿಸುತ್ತಿದ್ದರು. ಗೆದ್ದ ಹುಂಜ ಒಂದು ಋತು ನಮ್ಮ ಫಾರಂನಲ್ಲಿದ್ದು ತಳಿ ಕೊಟ್ಟು ಆಮೇಲೆ ಊರಿಗೆ ಹೋಗಬೇಕೆಂಬುದು ಕಟ್ಟಳೆ. ಮೊದಲ ಮೇಳ ಚೆನ್ನಾಗಿ ನಡೆಯಿತು. ಅಮಲ್ದಾರರು ಬಂದು ಹಾರ ಹಾಕಿಸಿಕೊಂಡರು, ನಾನು ಒಂದಿಷ್ಟು ಉಬ್ಬಿದೆ. ವಾರ ಕಳೆಯುವಷ್ಟರಲ್ಲಿ ಮೇಳಕ್ಕೆ ಬಂದಿದ್ದ ಊರೂರಿನಿಂದ ಒಂದೇ ಸುದ್ದಿ: ಕೋಳಿಗಳು ಕತ್ತು ತಿರುಚಿಕೊಂಡು, ಸುಣ್ಣದಂಥ ಹಿಕ್ಕೆ ಹಾಕಿ, ನಿಂತಲ್ಲೇ ಸತ್ತು ಬೀಳುತ್ತಿವೆ. ಕೊಕ್ಕರೆ ರೋಗ. ಯಾವುದೋ ಒಂದು ಕೋಳಿ ತಂದದ್ದು, ನನ್ನ ಪಂಜರಗಳ ಸಾಲಿನಲ್ಲಿ ಎಲ್ಲಕ್ಕೂ ಹಂಚಿಕೆಯಾಗಿ, ನಾಲ್ಕು ತಾಲ್ಲೂಕಿಗೂ ಮಕ್ಕಳ ಕಂಕುಳಲ್ಲೇ ಕೂತು ಹೋಗಿತ್ತು. ಅದಕ್ಕೆ ಆಗ ಮದ್ದಿರಲಿಲ್ಲ. ಶಿರಾದಲ್ಲಿ ಒಬ್ಬ ತಾಯಿ, ಪರದೆಯ ಆಚೆಯಿಂದಲೇ, ಮೆತ್ತಗೆ ಹೇಳಿದಳು.

"ಸಾಬ್, ನಿಮ್ಮ ಮೇಳಕ್ಕೆ ನಮ್ಮ ಹುಡುಗ ಎರಡು ಕೋಳಿ ತಂದಿದ್ದ. ಸತ್ತಿದ್ದು ಬೀದೀದೆಲ್ಲ."

ಬೈದಿದ್ದರೆ ಜಗಳವಾಡಬಹುದಿತ್ತು. ಆ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ಮೇಳಕ್ಕೆ ಮುಂಚೆ ನಾನೇ ಕೂತು ಒಂದು ನಿಯಮ ಬರೆದು, ಅಮಲ್ದಾರರ ಸಹಿ ಹಾಕಿಸಿ, ಎಲ್ಲ ಕಡೆ ಡಂಗುರ ಹೊಡೆಸಿದೆ. ಕೊಕ್ಕರೆ ರೋಗ ಕಂಡ ಊರಿನಿಂದಾಗಲಿ, ಅದರ ಪಕ್ಕದ ಊರಿನಿಂದಾಗಲಿ ಕೋಳಿಯೂ ಬರಕೂಡದು, ಮೊಟ್ಟೆಯೂ ಬರಕೂಡದು. ಯಾರ ಮುಖ ನೋಡಿಯೂ ಬಿಡುವುದಿಲ್ಲವೆಂದು ಪಣ ತೊಟ್ಟಿದ್ದೆ.

ಆ ವರ್ಷವೇ ಪಾವಗಡದ ಆಚೆ, ಹೊಲದ ನಡುವಿನ ಒಂಟಿ ಮನೆಯಲ್ಲಿ ನೆಮಲಿಯನ್ನು ಕಂಡೆ. ಆ ಕಡೆ ತೆಲುಗು ಬೆರೆತ ಮಾತು. ನವಿಲನ್ನು ನೆಮಲಿ ಎನ್ನುತ್ತಾರೆ. ನವಿಲಿನ ಕತ್ತಿನ ಬಣ್ಣವೇ ಮೈಮೇಲೆ ಇಳಿದಿದ್ದುದರಿಂದ ಆ ತಳಿಗೂ ಅದೇ ಹೆಸರು. ಹುಂಜದ ಎದೆ ನನ್ನ ಎರಡು ಕೈ ತುಂಬಿತು. ಕಾಲು ಹಳದಿ, ಹುರುಪೆ ಒಂದೂ ಎದ್ದಿಲ್ಲ. ಜುಟ್ಟು ಹುರುಳಿ ಕಾಳು ಒತ್ತಿಟ್ಟಂತೆ ಗಿಡ್ಡ. ಅಷ್ಟು ವರ್ಷ ತಿರುಗಿದವನು ಅಂಥದ್ದನ್ನು ನೋಡಿರಲಿಲ್ಲ. ಸುತ್ತ ಓಡಾಡುತ್ತಿದ್ದ ಹೇಂಟೆಗಳೂ ಅಷ್ಟೇ, ಒಂದೇ ಅಚ್ಚಿನಲ್ಲಿ ಎರೆದಂತಿದ್ದವು.

ಸಾಕಿದವಳು ಆ ಮನೆಯ ಮಗಳು, ಲಂಗ ದಾವಣಿಯ ವಯಸ್ಸಿನ ಹುಡುಗಿ. ನಾನು ಪಾಠ ಹೇಳಲು ಬಾಯಿ ತೆರೆದರೆ, ಅದೆಲ್ಲ ಗೊತ್ತು ಎಂಬಂತೆ ತಲೆ ಆಡಿಸಿ, ನನಗೇ ತಿರುಗಿಸಿ ಕೇಳುವಳು. ಬಿಳಿ ಕೋಳಿಗೆ ಕಾವು ಯಾಕೆ ಬರುವುದಿಲ್ಲ, ಒಂದೇ ಮನೆಯೊಳಗೇ ಕೂಡಿಸುತ್ತ ಹೋದರೆ ಮೊಟ್ಟೆ ಯಾಕೆ ಜೊಳ್ಳಾಗುತ್ತವೆ ಎಂದು. ಎರಡನೆಯ ಪ್ರಶ್ನೆಯಲ್ಲೇ ಅವಳ ಸಂಕಟವಿತ್ತು. ಅವಳ ಮೊಟ್ಟೆಗಳಲ್ಲಿ ಜೊಳ್ಳು ಹೆಚ್ಚುತ್ತಿತ್ತು. ಬೇರೆ ಬೇರೆ ಮನೆಯಲ್ಲಿ ಬೆಳೆಸಿ, ಒಂದೆರಡು ತಲೆಮಾರು ಬಿಟ್ಟು ಮತ್ತೆ ಕೂಡಿಸಿದರೆ ತಳಿ ಉಳಿಯುತ್ತದೆ ಎಂದು ವಿವರಿಸಿದೆ. ಹುಡುಗಿಯ ಮುಖ ಅರಳಿತು, ಆಮೇಲೆ ಅಪ್ಪನ ಕಡೆ ನೋಡಿ ಮುದುಡಿತು.

ಅವಳಪ್ಪ ಹಳೆಯ ಪಂದ್ಯದ ಆಸಾಮಿ. ಗಡಿಯಾಚೆಯ ಕೋಳಿ ಪಂದ್ಯಗಳಲ್ಲಿ ಅವನ ನೆಮಲಿಗೆ ಹೆಸರಿತ್ತು. ಆ ಜನರಲ್ಲಿ ಒಂದು ಪದ್ಧತಿ: ಹುಂಜವನ್ನು ಬೇಕಾದವರಿಗೆ ಕೊಟ್ಟಾರು, ಹೇಂಟೆ ಮಾತ್ರ ಮನೆ ದಾಟುವಂತಿಲ್ಲ. ಮೊಟ್ಟೆ ಹೊರಗೆ ಕೊಡುವಾಗ ಪ್ರತಿಯೊಂದಕ್ಕೂ ಸೂಜಿ ಚುಚ್ಚಿ ಕೊಡುತ್ತಾರೆ. ತಿನ್ನಲು ಬರುತ್ತದೆ, ಮರಿಯಾಗುವುದಿಲ್ಲ. ತಳಿ ಮನೆಯ ಗುಟ್ಟಾಗಿ ಉಳಿಯುತ್ತದೆ. ಅವನು ರುಮಾಲಿನ ಅಂಚಿನಲ್ಲಿ ಸೂಜಿ ಸಿಕ್ಕಿಸಿಕೊಂಡೇ ತಿರುಗುತ್ತಿದ್ದ.

"ಅಯ್ಯವಾರೇ, ನನ್ನ ಹೇಂಟೆನ ನಮ್ಮಣ್ಣನ ಮನೆಗೇ ಕೊಟ್ಟೋನಲ್ಲ ನಾನು. ಹುಂಜ ಬೇಕಾ, ತಗಂಡೋಗಿ. ಕಾವಿಗೆ ಮೊಟ್ಟೆ ಮಾತ್ರ ಕೇಳಬ್ಯಾಡಿ" ಎಂದ.

ಬಿಡಲಿಲ್ಲ ನಾನು. ಆ ಬೇಸಿಗೆಯಲ್ಲಿ ಎಷ್ಟು ಸಲ ಪಾವಗಡದ ರಸ್ತೆ ತುಳಿದೆನೋ. ಚರ್ಚೆ, ಮಜ್ಜಿಗೆ, ಮತ್ತೆ ಚರ್ಚೆ. ನನಗೆ ಮಜ್ಜಿಗೆ ಕೊಡುವ ಮುಂಚೆ ಅವನು ಲೋಟವನ್ನು ಬೂದಿ ಹಾಕಿ ತಿಕ್ಕಿಸಿ, ತೊಳೆದದ್ದನ್ನು ನನಗೆ ತೋರಿಸಿ ಕೊಡುತ್ತಿದ್ದ, ಅಷ್ಟು ಮರ್ಯಾದಸ್ಥ. ಕೊನೆಗೆ ದಾರಿ ಹುಡುಕಿದವಳು ಹುಡುಗಿಯೇ. ಪಂದ್ಯದ ಕಾಲ ಹತ್ತಿರವಾಗುತ್ತಿತ್ತು, ಈ ಹುಂಜದ ಕಾಲಿಗೆ ಕತ್ತಿ ಕಟ್ಟಲು ಅಪ್ಪನ ಕೈ ತುರಿಸುತ್ತಿತ್ತು. ಅವಳು ಊಟ ಬಿಟ್ಟು ಕೂತಳಂತೆ. ಅಪ್ಪ ಸೋತು ಒಂದು ಮಾತು ಕೊಟ್ಟ. ಮಧುಗಿರಿಯ ಮೇಳದಲ್ಲಿ ಸರ್ಕಾರದವರು ತನ್ನ ನೆಮಲಿಯೇ ಮೊದಲು ಎಂದರೆ, ಹುಂಜ ಪಂದ್ಯಕ್ಕೆ ಹೋಗುವುದಿಲ್ಲ, ಫಾರಂಗೇ ಹೋಗಲಿ. ಸೂಜಿ ಹಾಕದ ಮೊಟ್ಟೆಯೂ ಹೊರಗೆ ಹೋಗಲಿ. ಇಲ್ಲವಾದರೆ ಮತ್ತೆ ಆ ಸುದ್ದಿ ಎತ್ತಕೂಡದು. ಗೆಲ್ಲುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಫಾರಂನಲ್ಲಿ ಎರಡು ಒಳ್ಳೆಯ ಹೇಂಟೆಗಳನ್ನು ಕಾವಿಗೆ ಕೂರಿಸಿ, ಅಡಿಯಲ್ಲಿ ಮೊಟ್ಟೆಯ ಬದಲು ಸುಣ್ಣದ ಕಲ್ಲಿಟ್ಟು ಕಾಯಿಸುತ್ತ ಇದ್ದೆ, ನೆಮಲಿಯ ಮೊಟ್ಟೆ ಬಂದ ದಿನವೇ ಇಡಲೆಂದು. ಕೊರಟಗೆರೆಯ ಒಂದು ಹುಡುಗಿಗೆ, ಬರಗೂರಿನ ಒಬ್ಬ ಹುಡುಗನಿಗೆ ಮರಿ ಕೊಡುವುದಾಗಿ ಮಾತೂ ಕೊಟ್ಟಾಗಿತ್ತು; ಪಾವಗಡದ ಹುಡುಗಿಗೂ ಅದನ್ನು ಹೇಳಿದ್ದೆ.

ಮೇಳದ ದಿನ ಬೆಳಿಗ್ಗೆ ಬಯಲಿನ ಬಾಗಿಲಲ್ಲಿ ನಿಂತಿದ್ದೆ. ಬಂದ ಕೋಳಿಗಳ ರೆಕ್ಕೆ ಬಿಡಿಸಿ, ಬಾಲದಡಿ ನೋಡಿ, ಎದೆಗೆ ಕಿವಿ ಇಟ್ಟು ಗೊರಗೊರ ಇದೆಯೇ ಕೇಳಿ ಒಳಗೆ ಬಿಡುವ ಕೆಲಸ. ಪಾವಗಡದ ಬಸ್ಸು ಬಂತು. ಕಂಡಕ್ಟರು ಇಳಿದವನೇ ನನ್ನ ಹತ್ತಿರ ಬಂದು, ಪಾವಗಡದ ಆಚೆ ಒಂದು ಊರಿನಲ್ಲಿ ಮೊನ್ನೆಯಿಂದ ಕೋಳಿಗಳು ಪಟಪಟ ಬೀಳುತ್ತಿವೆಯಂತೆ ಎಂದ. ಊರಿನ ಹೆಸರನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಹುಡುಗಿಯ ಮನೆಗೆ ಅದು ಪಕ್ಕದ ಊರು. ನಡುವೆ ಒಂದು ಹಳ್ಳ, ಒಂದಿಷ್ಟು ಹೊಲ.

ಅಪ್ಪ ಮಗಳು ಗಾಡಿ ಕಟ್ಟಿಕೊಂಡು ಹಿಂದಿನ ದಿನವೇ ಹೊರಟವರು, ಅವರಿಗೆ ಈ ಸುದ್ದಿ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೇ ಬಂದಿಳಿದರು. ಹುಡುಗಿ ತಲೆಗೆ ಹೂ ಮುಡಿದಿದ್ದಳು. ಹುಂಜದ ಕಾಲನ್ನು ಎಣ್ಣೆ ಹಚ್ಚಿ ಒರೆಸಿದ್ದಳು, ಮೈ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ನಾನು ಅದನ್ನು ಎತ್ತಿಕೊಂಡು ಎಲ್ಲ ನೋಡಿದೆ. ಎದೆಯಲ್ಲಿ ಸದ್ದಿಲ್ಲ, ಕಣ್ಣು ಕೆಂಡದಂತೆ ಚುರುಕು, ಹಿಕ್ಕೆ ಗಟ್ಟಿ. ಒಂದು ಕುಂದೂ ಇರಲಿಲ್ಲ. ಹಾಗೆಂದು ನನ್ನ ನಿಯಮದಲ್ಲಿ ಆರೋಗ್ಯದ ಮಾತಿರಲಿಲ್ಲ, ಊರಿನ ಮಾತಿತ್ತು. ರೋಗ ಒಳಗೆ ಕೂತು ನಾಲ್ಕು ದಿನ ಸುಮ್ಮನಿರುತ್ತದೆ ಎಂಬುದನ್ನು ಹಿಂದಿನ ವರ್ಷ ಕಲಿತಿದ್ದೆ.

ಹೇಳಿದೆ. ಅಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ, ನನ್ನ ಕೋಳಿಗೆ ಏನಾಗಿದೆ ತೋರಿಸಿ ಎಂದ. ಏನೂ ಆಗಿಲ್ಲ ಎಂದೆ. ಏನೂ ಆಗದಿದ್ದರೆ ಬಿಡಿ ಎಂದ. ಜನ ಸೇರಿತು. ಗಲಾಟೆ ಕೇಳಿ ಅಮಲ್ದಾರರೂ ಬಂದರು. ಹುಂಜವನ್ನು ಅವರೂ ಸುತ್ತಿ ಸುತ್ತಿ ನೋಡಿದರು. ಒಂದು ಹುಂಜ ತಾನೆ ಮೇಷ್ಟ್ರೇ, ದೂರದಲ್ಲಿ ಬೇರೆ ಪಂಜರ ಇಡಿಸಿದರಾಯಿತು ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರು ಹೇಳದಿದ್ದರೆ ನಾನೇ ಆ ಉಪಾಯ ಯೋಚಿಸುತ್ತಿದ್ದೆನೋ ಏನೋ. ಮೇಲಿನವರು ಹೇಳಿದರೆಂದು ಬಗ್ಗಿದರೆ ನಾಳೆ ಎಲ್ಲರಿಗೂ ಬಗ್ಗಬೇಕಾಗುತ್ತದೆ ಎಂದು ನನ್ನ ಹಟ ಇನ್ನಷ್ಟು ಬಿಗಿಯಿತು. ಸಹಿ ತಮ್ಮದೇ ಇದೆ ಸ್ವಾಮಿ ಎಂದುಬಿಟ್ಟೆ. ಅವರು ಮುಖ ಹುಳ್ಳಗೆ ಮಾಡಿಕೊಂಡು ಹೋದರು.

ಹುಡುಗಿ ಗಾಡಿಯ ಹುಲ್ಲಿನೊಳಗೆ ಕೈ ಹಾಕಿ ಒಂದು ಪುಟ್ಟ ಬುಟ್ಟಿ ತೆಗೆದಳು. ರಾಗಿ ಹೊಟ್ಟಿನಲ್ಲಿ ಹುದುಗಿಸಿದ ಮೊಟ್ಟೆಗಳು.

"ಹುಂಜ ಬ್ಯಾಡ ಅಂದ್ರೆ ಬುಡಿ ಅಯ್ಯವಾರೇ. ಇವನ್ನ ತಗಳ್ಳಿ. ಒಂದಕ್ಕೂ ಸೂಜಿ ಹಾಕಿಲ್ಲ. ಕಾವಿಗೆ ಇಡಿ."

ಅಪ್ಪನ ಮುಖ ನೋಡಬೇಕಿತ್ತು. ಮೇಳದಲ್ಲಿ ಗೆದ್ದೇ ಗೆಲ್ಲುತ್ತೇವೆಂಬ ನಂಬಿಕೆಯಲ್ಲಿ, ಮನೆತನ ಯಾವತ್ತೂ ಮಾಡದ ಕೆಲಸವನ್ನು ಮಗಳು ಕದ್ದು ಮಾಡಿಕೊಂಡು ಬಂದಿದ್ದಳು. ಆದರೂ ಅವನು ಗದರಲಿಲ್ಲ. ನನ್ನನ್ನೇ ನೋಡಿದ. ನಾನೇನು ಹೇಳುತ್ತೇನೋ ಎಂದು ಕಾದ.

ಮೊಟ್ಟೆಯೂ ಬರಕೂಡದು ಎಂದಿದೆಯಮ್ಮ ಎಂದೆ.

ಹುಡುಗಿ ಬುಟ್ಟಿಯನ್ನು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಾಗೇ ನಿಂತಿದ್ದಳು. ಅಪ್ಪ ಮುಂದೆ ಬಂದು ಬುಟ್ಟಿ ತೆಗೆದುಕೊಂಡ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ, ರುಮಾಲಿನಿಂದ ಸೂಜಿ ಎಳೆದ. ಒಂದೊಂದೇ ಮೊಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಅಗಲದ ತುದಿಗೆ ಚುಚ್ಚಿ, ಮತ್ತೆ ಹೊಟ್ಟಿನೊಳಗೆ ಇಟ್ಟ. ಅವಸರ ಮಾಡಲಿಲ್ಲ, ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಬುಟ್ಟಿಯನ್ನು ನನ್ನ ಕಾಲ ಹತ್ತಿರ ಇಟ್ಟ.

"ಸಾಕಕ್ಕೆ ಬ್ಯಾಡ ಅಂದ್ರೆ ತಿನ್ನೋರಿಗೆ ಕೊಡಿ. ನೀವಂತೂ ತಿನ್ನಾಕಿಲ್ಲ."

ಗಾಡಿ ತಿರುಗಿತು. ಹುಡುಗಿ ಹುಂಜವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ಆ ಬುಟ್ಟಿಯನ್ನೂ ಒಳಗೆ ಬಿಡುವಂತಿರಲಿಲ್ಲ; ಬಯಲಿನ ಅಂಚಿನಲ್ಲಿ ಗುಂಡಿ ತೆಗೆಸಿ ಸುಣ್ಣ ಹಾಕಿ ಮುಚ್ಚಿಸಿದೆ. ಮೇಳ ಸಾಂಗವಾಗಿ ನಡೆಯಿತು. ಶಿರಾದ ಆ ತಾಯಿಯ ಹುಡುಗ ಈ ಸಲ ಕರಿ ಹೇಂಟೆಯೊಂದನ್ನು ತಂದು ಎರಡನೆಯ ಬಹುಮಾನ ಗೆದ್ದ. ಆಮೇಲೆ ಎಲ್ಲ ಊರುಗಳಿಗೂ ಹೋಗಿ ವಿಚಾರಿಸಿಕೊಂಡು ಬಂದೆ. ಮೇಳಕ್ಕೆ ಬಂದ ಒಂದು ಕೋಳಿಗೂ ಏನೂ ಆಗಿರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ ಎನ್ನಲು ಈಗ ನಾಚಿಕೆಯಾಗುತ್ತದೆ, ಆದರೆ ತಟ್ಟಿಕೊಂಡದ್ದು ಹೌದು. ಪಾವಗಡದ ಕಡೆ ಮಾತ್ರ ಹೋಗಲಿಲ್ಲ. ರೋಗದ ಸೀಮೆಯಿಂದ ಫಾರಂಗೆ ಕಾಲಲ್ಲಿ ಏನಾದರೂ ತಂದೇನು ಎಂಬುದು ಒಂದು ನೆಪ. ಆ ಮನೆಯ ಬಾಗಿಲಲ್ಲಿ ನಿಲ್ಲಲು ಮುಖವಿರಲಿಲ್ಲ ಎಂಬುದು ನಿಜ.

ಸುದ್ದಿ ತಂದವನು ಅದೇ ಕಂಡಕ್ಟರು. ಮೇಳದಿಂದ ಹಿಂತಿರುಗಿದ ಅವಳಪ್ಪ, ಜನರೆದುರು ಆದ ಅವಮಾನ ತಡೆಯದೆ, ಸರ್ಕಾರ ಒಪ್ಪದಿದ್ದರೆ ಕಣ ಒಪ್ಪುತ್ತದೆ ಎಂದು ಹುಂಜವನ್ನು ಗಡಿಯಾಚೆಯ ಪಂದ್ಯಕ್ಕೆ ಒಯ್ದನಂತೆ. ಗೆದ್ದಿತಂತೆ. ಒಂದಲ್ಲ, ಎದುರು ಬಂದದ್ದನ್ನೆಲ್ಲ ಹೊಡೆದು ಹಾಕಿತಂತೆ. ಊರೂರಿನ ಕೋಳಿ ಸೇರಿದ್ದ ಕಣ ಅದು. ಗೆದ್ದ ಹುಂಜವನ್ನು ಅಪ್ಪ ಹೆಗಲ ಮೇಲೆ ಹೊತ್ತು ತಂದು ಹೇಂಟೆಗಳ ನಡುವೆ ಬಿಟ್ಟ. ನಾಲ್ಕು ದಿನಕ್ಕೆ ಅದು ಕತ್ತು ತಿರುಚಿತು. ಆಮೇಲೆ ಹೇಂಟೆಗಳು. ಆಮೇಲೆ ಮಂಕರಿಯಡಿ ಇದ್ದ ಮರಿಗಳು.

ಬೇರೆ ಯಾರ ಮನೆಯಲ್ಲೂ ಆ ತಳಿ ಇರಲಿಲ್ಲ. ಅವನು ಹಿಂದೆ ಕೊಟ್ಟಿದ್ದ ಹುಂಜಗಳೆಲ್ಲ ಕಣದಲ್ಲೋ ಒಲೆಯ ಮೇಲೋ ಮುಗಿದಿದ್ದವು. ಆದರೂ ಹುಡುಕಿದೆ. ಗಡಿಯುದ್ದಕ್ಕೂ ಸೈಕಲ್ಲು ತುಳಿದು, ನೆಮಲಿ ನೆಮಲಿ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಬಣ್ಣ ಹೋಲುವ ಬೆರಕೆಗಳು ಸಿಕ್ಕವು. ಎದೆ ಮುಟ್ಟಿದರೆ ಗೊತ್ತಾಗುತ್ತಿತ್ತು, ಅದಲ್ಲ.

ಆಗ ಹೊಳೆದವು ಎಲ್ಲ ಬುದ್ಧಿಗಳೂ. ಸಿದ್ದರಬೆಟ್ಟದ ಬುಡದಲ್ಲಿ ನನ್ನ ಗುರುತಿನ ಒಬ್ಬ ಕಾವಲುಗಾರನಿದ್ದ. ಸುತ್ತ ಹರದಾರಿ ದೂರ ಒಂದು ಕೋಳಿ ಇರಲಿಲ್ಲ. ಮೊಟ್ಟೆಗಳನ್ನು ಒರೆಸಿ, ಒಂದು ಹೇಂಟೆಯ ಜೊತೆ ಅಲ್ಲಿ ಇಡಿಸಿದ್ದರೆ ಯಾರಿಗೂ ಅಪಾಯವಿರಲಿಲ್ಲ. ಸತ್ತರೆ ಆ ಒಂದು ಹೇಂಟೆ ಸಾಯುತ್ತಿತ್ತು. ಮೇಳದ ಬಯಲಿಗೆ ಬರಕೂಡದು ಎಂದು ಬರೆದವನು, ನನ್ನ ಕೈಗೂ ಬರಕೂಡದು ಎಂದು ಯಾಕೆ ಓದಿಕೊಂಡೆನೋ. ಬುಟ್ಟಿ ನೀಡಿದವಳ ಎದುರು ಒಂದು ಗಳಿಗೆ ಸುಮ್ಮನೆ ನಿಂತು ಯೋಚಿಸಿದ್ದರೆ ಸಾಕಿತ್ತು. 

ರೋಗ ಅಡಗಿ, ಮಳೆ ಬಿದ್ದು, ಹೊಲಗಳಲ್ಲಿ ಹಸಿರು ಕಂಡ ಮೇಲೆ ಧೈರ್ಯ ಮಾಡಿ ಹೋದೆ. ಫಾರಂನ ಅತ್ಯುತ್ತಮ ಜೋಡಿಯನ್ನು ಬುಟ್ಟಿಯಲ್ಲಿ ಕಟ್ಟಿಕೊಂಡಿದ್ದೆ. ಅಪ್ಪ ಎದ್ದು ನಿಂತು ಬರಮಾಡಿಕೊಂಡ, ಎಂದಿನಂತೆ ಲೋಟ ತಿಕ್ಕಿಸಿ ಮಜ್ಜಿಗೆ ಕೊಟ್ಟ. ಬೈಗುಳಕ್ಕೆ ಸಿದ್ಧನಾಗಿ ಬಂದವನಿಗೆ ಆ ಮರ್ಯಾದೆ ನುಂಗಲಾಗಲಿಲ್ಲ. ಅಂಗಳ ಗುಡಿಸಿ ಸಾರಿಸಿದ್ದರು. ಒಂದು ಹಿಕ್ಕೆಯ ಕಲೆಯೂ ಇಲ್ಲದ ಅಂಥ ಅಂಗಳ ಆ ಕಡೆ ನಾನು ಬೇರೆಲ್ಲೂ ನೋಡಿಲ್ಲ.

"ಅವತ್ತು ನೀವು ಆ ಬುಟ್ಟಿಗೆ ಕೈ ಹಾಕಿದ್ರೆ ನಾನು ಬ್ಯಾಡ ಅಂತಿರ್ಲಿಲ್ಲ ಅಯ್ಯವಾರೇ" ಎಂದ ಅವನು. "ಮಗಳು ಕೊಟ್ಟಾಗಿತ್ತು. ನಾನೂ ಮನಸಿನಾಗೆ ಕೊಟ್ಬುಟ್ಟಿದ್ದೆ." ಅಷ್ಟು ಹೇಳಿ ದನ ಕಟ್ಟಲು ಎದ್ದು ಹೋದ.

ಹುಡುಗಿ ಬಂದಳು. ನಾನು ಕೇಳುವ ಮುಂಚೆಯೇ ಬುಟ್ಟಿ ಬಿಚ್ಚಿ, ಹೇಂಟೆಯ ಎದೆಮೂಳೆ ಸವರಿ, ಕಾಲು ನೋಡಿ, ರೆಕ್ಕೆ ಬಿಡಿಸಿ, ಒಳ್ಳೆಯ ಜೋಡಿ ಎಂದಳು. ಕೈ ಮೊದಲಿನಷ್ಟೇ ಪಳಗಿತ್ತು. ಅವಳ ಹೆಸರಿನಲ್ಲಿ ಫಾರಂನಿಂದ ಏನು ಬೇಕಾದರೂ ಕೊಡಿಸುತ್ತೇನೆ, ಮುಂದಿನ ಮೇಳಕ್ಕೆ ಬಾ ಎಂದೆ. ಅವಳು, ಕಳೆದ ಮೇಳದಲ್ಲಿ ಯಾರ ಕೋಳಿಗಾದರೂ ರೋಗ ಬಂತೇ ಎಂದು ವಿಚಾರಿಸಿದಳು. ಇಲ್ಲ ಎಂದೆ. ಆ ನಿಯಮ ಸರ್ಕಾರದ್ದೋ ನಿಮ್ಮದೋ ಎಂದು ಕೇಳಿದಳು. ನನ್ನದೇ ಎಂದೆ.

"ಒಳ್ಳೇ ನಿಯಮಾನೇ ಬುಡಿ. ಅಷ್ಟು ಮಕ್ಕಳ ಕೋಳಿ ಉಳ್ಕಂಡ್ವಲ್ಲ."

ಅವಳು ವ್ಯಂಗ್ಯವಾಡಲಿಲ್ಲ. ಮನಸಾರೆ ಹೇಳಿದಳು. ಅದೇ ನನಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿ ಬಂತು, ಮುಖ ತಿರುಗಿಸಿದೆ. ಅವಳು ಹೇಂಟೆಯನ್ನು ಮೆಲ್ಲಗೆ ಬುಟ್ಟಿಗೆ ಇಟ್ಟು, ಹುಂಜದ ಬಾಲ ಮುರಿಯದಂತೆ ಒಳಗೆ ತೂರಿಸಿ, ಬಾಯಿ ಕಟ್ಟಿ ನನ್ನ ಸೈಕಲ್ಲಿನ ಹಿಂದೆ ತಾನೇ ಬಿಗಿದಳು.

"ಇವನ್ನ ಬರಗೂರಿನ ಹುಡುಗನಿಗೆ ಕೊಡಿ, ಕಾಯ್ತಾ ಇರ್ತಾನೆ. ನಂಗೆ ಕೋಳಿ ಸಾಕಾಕೆ ಬರಾಕಿಲ್ಲ ಅಯ್ಯವಾರೇ. ಅವನ್ನ ಸಾಕಾಕೆ ಬರ್ತಿತ್ತು, ಅಷ್ಟೇಯ."